ಹೆಸರಲ್ಲೇ ನಡುಗಡ್ಡೆ

ಯರಗೇರಾದಿಂದ ತೆಂಕಣಕ್ಕೆ ಹೊರಟರೆ ತುಂಗಭದ್ರೆ, ಬಡಗಣಕ್ಕೆ ಹೊರಟರೆ ಕೃಷ್ಣೆ. ಹಳೆಯ ಶಾಸನಗಳು ಈ ಸೀಮೆಯನ್ನು ‘ಎಡೆದೊರೆ’, ಅಂದರೆ ಹೊಳೆಗಳ ನಡುವಿನ ನಾಡು, ಎಂದು ಕರೆದದ್ದು ಅದಕ್ಕೇ. ತುಂಗಭದ್ರೆಯ ದಂಡೆಯ ಮಂತ್ರಾಲಯದ ರಸ್ತೆ ಊರಿನ ಮಕ್ಕಳಿಗೂ ಗೊತ್ತು. ಕೃಷ್ಣೆಯೊಳಗಿನ ಕುರುವಪುರಕ್ಕೆ ಮಾತ್ರ ‘ಮುಂದಿನ ವರ್ಷ ನೋಡೋಣು’ ಎನ್ನುವವರೇ ಹೆಚ್ಚು. ನಾನೂ ಅವರಲ್ಲೊಬ್ಬ. ಮಾಘದ ಒಂದು ಬೆಳಿಗ್ಗೆ ರಾಯಚೂರಿನಲ್ಲಿ ಒಗ್ಗರಣಿ-ಮಿರ್ಚಿ ತಿಂದು, ಆತ್ಕೂರಿನ ದಾರಿ ಹಿಡಿದೆ.

ಆತ್ಕೂರಿನಲ್ಲಿ ರಸ್ತೆ ಮುಗಿದು ನೀರು ಶುರುವಾಗುತ್ತದೆ. ಬಿದಿರಿನ ಬುಟ್ಟಿಗೆ ಹಾಳೆ ಬಿಗಿದು, ಡಾಂಬರು ಬಳಿದ ಹರಿಗೋಲು ದಂಡೆಯಲ್ಲಿ ಕಾದಿತ್ತು. ಹಿಂದೆ ಇದಕ್ಕೆ ತೊಗಲು ಹೊದಿಸುತ್ತಿದ್ದರು.

‘ನಟ್ಟನಡಕ ಕೂಡ್ರಿ ಸರ, ಅಲುಗಾಡಬ್ಯಾಡ್ರಿ’ ಎಂದ ಹುಟ್ಟು ಹಾಕುವವ.

ಬುಟ್ಟಿ ಅರ್ಧ ಸುತ್ತು ತಿರುಗಿ, ಮನಸ್ಸಿಲ್ಲದ ಮನಸ್ಸಿನಿಂದ ಮುಂದಕ್ಕೆ ಸಾಗಿತು. ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳ ದೋಣಿಗೂ ಮರದ ಪಟ್ಟಿಗಳ ಮೇಲೆ ಬಟ್ಟೆ ಬಿಗಿದು ಡಾಂಬರು ಬಳಿಯುವ ರೂಢಿಯಿತ್ತು. ನಾಟಕಕಾರ ಜೆ.ಎಂ. ಸಿಂಗ್ 1898ರಲ್ಲಿ ಮೊದಲ ಸಲ ಆ ದ್ವೀಪಗಳಿಗೆ ಹೋದ. ಅಲ್ಲಿನವರ ಐರಿಷ್ ಮಾತು ಕಲಿತು, 1907ರಲ್ಲಿ ಅವುಗಳ ಬಗ್ಗೆ ಪುಸ್ತಕ ಹೊರತಂದ. ಆ ದ್ವೀಪಗಳಲ್ಲಿ ನಡುವಿನದು ಇನಿಶ್ ಮಾನ್. ‘ಇನಿಶ್’ ಎಂದರೆ ಐರಿಷ್‌ನಲ್ಲಿ ದ್ವೀಪ.

ಈ ‘ಇನಿಶ್’ ನಮ್ಮಲ್ಲೂ ಇದೆ. ಕುರುವ ಎಂದರೆ ಹಳೆಯ ಕನ್ನಡದಲ್ಲಿ ನಡುಗಡ್ಡೆ. ಕುಮಟಾದ ಹತ್ತಿರ ಅಘನಾಶಿನಿಯೊಳಗಿನ ಐಗಳಕುರ್ವೆಯಲ್ಲೂ ಅದೇ ಪದ. ಇಲ್ಲಿನ ಪಕ್ಕದ ನಡುಗಡ್ಡೆಗೆ ಕುರ್ವಕುರ್ದಾ ಎಂದು ಹೆಸರು. ಬಾಲದಲ್ಲಿರುವ ‘ಕುರ್ದ’ ಪಾರಸಿ ಮಾತು, ಚಿಕ್ಕದು ಎಂದರ್ಥ. ಕನ್ನಡದ ನಡುಗಡ್ಡೆಗೆ ಪಾರಸಿಯಲ್ಲಿ ಅಳತೆ! ಆಡುಮಾತಿನಲ್ಲಿ ನಾವು ‘ಗಡ್ಡಿ’ ಅನ್ನುತ್ತೇವೆ. ಹಳೆಯ ಪದ ಊರ ಹೆಸರೊಳಗೆ ಮಾತ್ರ ಉಳಿದಿದೆ.

ನಡುಗಡ್ಡೆಗೆ ಕಾಲಿಟ್ಟ ಕೂಡಲೇ ಕಿವಿಗೆ ಬಿದ್ದದ್ದು ಮರಾಠಿ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರು ನೆಲೆಸಿದ್ದ ಜಾಗವೆಂದು ಮರಾಠಿಯ ‘ಗುರುಚರಿತ್ರೆ’ ಹೇಳುವುದರಿಂದ, ಮಹಾರಾಷ್ಟ್ರದ ಭಕ್ತರಿಗೆ ಇದು ದೊಡ್ಡ ದತ್ತಕ್ಷೇತ್ರ. ಗುಡಿಯಲ್ಲಿ ಪಾದುಕೆಗಳಿವೆ. ಟೇಂಬೆ ಸ್ವಾಮಿಗಳೆಂದೇ ಹೆಸರಾದ ವಾಸುದೇವಾನಂದ ಸರಸ್ವತಿ (1854–1914) ತಪಸ್ಸು ಮಾಡಿದರೆನ್ನುವ ಗುಹೆಯನ್ನೂ ತೋರಿಸುತ್ತಾರೆ. ಆಚೆ ದಂಡೆಯ ಪಂಚದೇವ ಪಹಾಡ್ ತೆಲಂಗಾಣದ್ದು. ಅಲ್ಲಿಂದ ಬಂದವರದು ತೆಲುಗು. ಊರವರು ಕನ್ನಡ, ಮರಾಠಿ, ತೆಲುಗು ಮೂರರೊಳಗೂ ಸಲೀಸಾಗಿ ಓಡಾಡುತ್ತಾರೆ. ಗುಡಿಯ ಗದ್ದಲಕ್ಕಿಂತ ಬಂಡೆಗಳ ಮೇಲೆ ಕೂತು ಈ ಮಾತುಗಳನ್ನು ಕೇಳುವುದೇ ನನಗೆ ಹಿಡಿಸಿತು.

ಬಂಡೆಗಳು ಮಾತ್ರ ಮಾಘದಲ್ಲೂ ಮಧ್ಯಾಹ್ನಕ್ಕೆ ಕಾದ ಹಂಚು.

ಭಕ್ತರು ಒಂದು ದಿನ ದಾಟಿ ಬರುವ ಹೊಳೆಯನ್ನು ಇಲ್ಲಿಯವರು ಸಂತೆಗೆ, ದವಾಖಾನೆಗೆ, ಕಚೇರಿಗೆ ಎಂದು ದಾಟುತ್ತಲೇ ಇರಬೇಕು. ಮೇಲೆ ನಾರಾಯಣಪುರ ಜಲಾಶಯದಿಂದ ನೀರು ಹೆಚ್ಚು ಬಿಟ್ಟರೆ ಅದೂ ನಿಲ್ಲುತ್ತದೆ. ಕೆಳಗೆ ಜೂರಾಲಾ ಅಣೆಕಟ್ಟಿನ ಹಿನ್ನೀರು. 2009ರ ಅಕ್ಟೋಬರ್, 2019ರ ಆಗಸ್ಟ್ ಪ್ರವಾಹಗಳನ್ನು ಈ ಸೀಮೆ ಮರೆತಿಲ್ಲ.

ಚಹಾ ಕೊಟ್ಟ ಅಜ್ಜಿಯೊಬ್ಬರನ್ನು ಮಳೆಗಾಲದ ಬಗ್ಗೆ ಕೇಳಿದೆ. ‘ನೀರು ಬಿಟ್ರಂದ್ರ ನಾವು ಇತ್ಲಾಗ, ನೀವು ಅತ್ಲಾಗ. ಅಷ್ಟಽ ನೋಡಪ್ಪಾ’ ಅಂದರು. ಸೇತುವೆಯ ಮಾತು ತೆಗೆದಾಗ ನಕ್ಕು, ಲೋಟ ತೊಳೆಯಲು ಎದ್ದರು.

ಹೋಗುವವರು ಚಳಿಗಾಲದಲ್ಲಿ ಹೋಗಿ. ಮಳೆಗಾಲದಲ್ಲಿ ಹೊರಡುವುದಾದರೆ ನಾರಾಯಣಪುರದ ಗೇಟು ತೆರೆದಿದೆಯೇ ಎಂದು ಮೊದಲು ವಿಚಾರಿಸಿ. ಮರಳುವ ಹರಿಗೋಲನ್ನು ಹೊತ್ತು ಮುಳುಗುವ ಮುಂಚೆಯೇ ಹಿಡಿಯಿರಿ.