ಕೋಠಿಯ ಗುಜರಿಯಲ್ಲಿ ಒಂದು ‘ಎಂವೈ’

ಹಳೇ ಪುಸ್ತಕ ಹುಡುಕಲು ಕೋಠಿಗೆ ಹೋದವನು ಗುಜರಿ ಅಂಗಡಿಯ ಮುಂದೆ ನಿಂತುಬಿಟ್ಟೆ. ತುಕ್ಕು ಹಿಡಿದ ತಗಡುಗಳ ನಡುವೆ ಒಂದು ಕಪ್ಪು ನಂಬರ್ ಪ್ಲೇಟ್. ಬಿಳಿ ಅಕ್ಷರ, ಮೊದಲೆರಡು ‘ಎಂವೈ’. ಅಂದರೆ ಮೈಸೂರು ರಾಜ್ಯ, ನಮ್ಮದೇ! 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, ‘ಕೆಎ’ ಬಂದದ್ದು 1989ರಲ್ಲಿ. ನಡುವೆ ‘ಸಿ’ಯಿಂದ ಶುರುವಾಗುವ ಸರಣಿಗಳಿದ್ದವು. ಕಪ್ಪಿನ ಮೇಲೆ ಬಿಳಿ ಇದ್ದದ್ದರಿಂದ ಇದು ಖಾಸಗಿ ಗಾಡಿಯದು, ಲಾರಿಯದಲ್ಲ.

ಇಲ್ಲಿಗೆ ಹೇಗೆ ಬಂತು? ನಮ್ಮ ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ರಾಜ್ಯ ಬೇರೆಯಾದರೂ ದವಾಖಾನೆಗೆ, ಮದುವೆ ಜವಳಿಗೆ ನಮ್ಮ ಮನೆಯವರು ಬರುತ್ತಿದ್ದದ್ದು ಕೋಠಿ, ಸುಲ್ತಾನ್ ಬಜಾರಿಗೇ. ಹಾಗೆ ಬಂದ ಯಾರದೋ ಕಾರು ಇಲ್ಲೇ ಮಾರಾಟವಾಗಿರಬೇಕು.

“ಇಸ್ಕಾ ಕ್ಯಾ ಕರತೇ ಸಾಬ್?” ಅಂದರು ಅಂಗಡಿಯ ಚಾಚಾ. ನೂರು ರೂಪಾಯಿಗೆ ಕೊಟ್ಟರು.

ಅಪ್ಪನಿಂದ ಬಂದ ನನ್ನ ಸ್ಕೂಟರ್ ಇನ್ನೂ ಕೆಎ 32. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿದರೆ ಅಲ್ಲಿನ ನಂಬರ್ ಪಡೆಯಬೇಕೆನ್ನುತ್ತದೆ ಕಾನೂನು. ನಾಲ್ಕು ವರ್ಷದಿಂದ ನೆಪ ಹೇಳುತ್ತಲೇ ಇದ್ದೇನೆ. (ಪೊಲೀಸರಿಗೂ, ಹೆಂಡತಿಗೂ.) ಈ ಊರಿನವರೇ ಎಪಿ, ಟಿಎಸ್ ದಾಟಿ 2024ರಿಂದ ಟಿಜಿಗೆ ಬಂದಿದ್ದಾರೆ.

ಆ ರಾತ್ರಿ ಎನ್‌ಒಸಿ ಅರ್ಜಿ ತುಂಬಿದೆ. ‘ಎಂವೈ’ ತಗಡನ್ನು ಗೋಡೆಗೆ ತೂಗುಹಾಕಿ, ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದಿದ್ದೇನೆ.