ಬಾಗದ ವಿಶೇಷಣ

ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ವಿಶೇಷಣವೂ ಧರಿಸತಕ್ಕದ್ದೆಂಬುದು ಸಂಸ್ಕೃತದ ಕಟ್ಟಳೆ. ದೂರದ ರಷ್ಯನ್ ಭಾಷೆಯೂ ಈ ಮಾತಿನಲ್ಲಿ ಸಂಸ್ಕೃತದ ದಾಯಾದಿಯೇ ಸರಿ. ಅಲ್ಲಿ ಹೊಸ ಮನೆ ‘ನೋವಿಯ್ ದೋಮ್’. ಹೊಸ ಪುಸ್ತಕ ‘ನೋವಯಾ ಕ್ನೀಗಾ’. ಹೊಸ ಕಿಟಕಿ ‘ನೋವಯೆ ಅಕ್ನೋ’. ಮನೆ ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ! ‘ಹೊಸ ಮನೆಯಲ್ಲಿ’ ಎನ್ನಬೇಕಾದರೆ ಮನೆಯೊಡನೆ ಹೊಸತೂ ವಿಭಕ್ತಿಯನ್ನು ತೊಟ್ಟು ‘ವ್ ನೋವಮ್ ದೋಮೆ’ ಎಂದಾಗುತ್ತದೆ. ಆ ಭಾಷೆಯ ಆರು ವಿಭಕ್ತಿಗಳಲ್ಲಿಯೂ ಈ ಅನುಸರಣೆ ತಪ್ಪಿದ್ದಲ್ಲ.

ಕನ್ನಡದ ಜಾಯಮಾನವೇ ಬೇರೆ. ಹೊಸ ಮನೆ, ಹೊಸ ಮನೆಗಳು, ಹೊಸ ಮನೆಯಲ್ಲಿ, ಹೊಸ ಸೊಸೆಗೆ: ಎಲ್ಲೆಡೆಯೂ ‘ಹೊಸ’ ಅಚಲ. ದ್ರಾವಿಡ ಭಾಷೆಗಳ ಈ ಲಕ್ಷಣವನ್ನು ಕಾಲ್ಡ್‌ವೆಲ್ಲರು 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿಯೇ ಗುರುತಿಸಿದ್ದರು. ವಾಕ್ಯದ ಕೊನೆಯಲ್ಲಿ ವಿಧೇಯವಾಗಿ ನಿಂತಾಗ ಮಾತ್ರ ಅದು ನಾಮಪದದ ವೇಷ ಹಾಕುತ್ತದೆ: ಮನೆ ಹೊಸದು, ಸೊಸೆ ಹೊಸಬಳು.

‘ಸುಶೀಲಳಾದ ಕನ್ಯೆ’ ಎಂಬಲ್ಲಿ ವಿಶೇಷಣವು ಬಾಗಿಲ್ಲವೇ ಎಂದು ಆಕ್ಷೇಪಿಸುವವರುಂಟು. ಅದು ತೋರಿಕೆ. ‘ಸುಶೀಲಳು’ ಅಲ್ಲಿ ‘ಆದ’ ಎಂಬುದಕ್ಕೆ ಸಂಬಂಧಿಸಿದ ವಿಧೇಯ. ಕನ್ಯೆಗೆ ನೇರವಾಗಿ ಅಂಟಿದ್ದು ‘ಆದ’ ಎಂಬ ಕೃದಂತ. ಅದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ.

ನಿಂಬರ್ಗಾದಂತಹ ಊರಿನಲ್ಲಿ ಇದು ಬರಿಯ ಶಾಸ್ತ್ರವಿಚಾರವಲ್ಲ. ಆಳಂದ ತಾಲ್ಲೂಕಿಗೆ ಮಹಾರಾಷ್ಟ್ರವೇ ನೆರೆ. ಮರಾಠಿಯೂ ಉರ್ದುವೂ ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತವೆ. ಮರಾಠಿಯಲ್ಲಿ ‘ಶಹಾಣಾ ಮುಲಗಾ’, ‘ಶಹಾಣೀ ಮುಲಗೀ’. ಆ ಶಬ್ದವೇ ಕನ್ನಡಕ್ಕೆ ಬಂದು ‘ಶಾಣ್ಯಾ’ ಆಯಿತು. ಬಂದ ಮೇಲೆ ಈ ಮನೆಯ ರೀತಿಗೆ ಒಗ್ಗಿತು. ‘ಶಾಣ್ಯಾ ಹುಡುಗ’, ‘ಶಾಣ್ಯಾ ಹುಡುಗಿ’ ಎರಡಕ್ಕೂ ಒಂದೇ ರೂಪ. ವಿಧೇಯವಾದಾಗ ‘ಹುಡುಗಿ ಶಾಣ್ಯಾಕಿ’. ಅಕ್ಷರವರಿಯದ ಅಜ್ಜಿಯೂ ಇದರಲ್ಲಿ ತಪ್ಪಳು.

ಪರೀಕ್ಷೆಯ ಪ್ರಶ್ನೆಪತ್ರಿಕೆಯ ಸ್ಥಿತಿ ಹಾಗಿಲ್ಲ. ‘ವಿಶೇಷಣದ ಲಿಂಗ, ವಿಭಕ್ತಿಗಳನ್ನು ತಿಳಿಸಿರಿ’ ಎಂದು ಕೇಳಿದರೆ ಕನ್ನಡದ ಮಗು ಇಲ್ಲದ್ದನ್ನು ಹುಡುಕಬೇಕಾಗುತ್ತದೆ. ಸಿಗದಿದ್ದಾಗ ತನ್ನ ಮಾತೇ ಅಶುದ್ಧವೆಂದು ಬಗೆಯುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಸಂಸ್ಕೃತದ ಪರಿಭಾಷೆಯನ್ನು ಧಾರಾಳವಾಗಿ ಬಳಸಿದವನೇ. ಆದರೂ ಕನ್ನಡದ ಅಸಾಧಾರಣ ಲಕ್ಷಣಗಳನ್ನು ಪ್ರತ್ಯೇಕವಾಗಿ ಎಣಿಸಿಟ್ಟನು. ಉಪಾಧ್ಯಾಯರು ಕರಿಹಲಗೆಯ ಒಂದು ಬದಿಗೆ ‘ಶಹಾಣಾ, ಶಹಾಣೀ’ ಎಂದೂ ಇನ್ನೊಂದು ಬದಿಗೆ ‘ಶಾಣ್ಯಾ’ ಎಂದೂ ಬರೆದು, ವ್ಯತ್ಯಾಸವೇನೆಂದು ಮಕ್ಕಳನ್ನೇ ಕೇಳಬಹುದು. ಸೂತ್ರವನ್ನು ಆಮೇಲೆ ಹೇಳಿದರೂ ಆದೀತು.