ಕನ್ನಡಿಯ ಸದ್ದು

ಡಿಎಸ್‌ಎಲ್‌ಆರ್ ಕ್ಯಾಮೆರಾದ ಒಡಲಿನಲ್ಲಿ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿಯಿರುತ್ತದೆ. ಮಸೂರದೊಳಗೆ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ. ‘ಟಪ್’ ಎಂಬ ಸದ್ದು ಬಹುಮಟ್ಟಿಗೆ ಆ ಏಳುಬೀಳಿನದು. ಮಿರರ್‌ಲೆಸ್‌ನಲ್ಲಿ, ಹೆಸರೇ ಹೇಳುವಂತೆ, ಕನ್ನಡಿಯಿಲ್ಲ. ಸಂವೇದಕಕ್ಕೆ ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ನೋಡುತ್ತೇವೆ. ಎಲೆಕ್ಟ್ರಾನಿಕ್ ಷಟರ್ ಬಳಸಿದರೆ ಎದುರಿನವರಿಗೆ ಏನೂ ಕೇಳಿಸದು.

ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ಉಳಿದ ಲೆಕ್ಕಗಳು ಬೇಗ ಮುಗಿದವು. ಹಗುರವಾದದ್ದು ಮಿರರ್‌ಲೆಸ್, ಒಂದು ಬ್ಯಾಟರಿಯಲ್ಲಿ ಹೆಚ್ಚು ಪಟ ಕೊಡುವುದು, ಬಳಸಿದ್ದು ಅಗ್ಗಕ್ಕೆ ಸಿಗುವುದು ಡಿಎಸ್‌ಎಲ್‌ಆರ್. ಮುಗಿಯದೆ ಉಳಿದದ್ದು ಸದ್ದಿನ ಲೆಕ್ಕ.

ನನ್ನ ಆಸೆಯಿದ್ದದ್ದು ಎರಡು ಕಡೆ: ಯಕ್ಷಗಾನದ ಚೌಕಿ ಮತ್ತು ಕಾಸರಗೋಡಿನ ಮೀನು ಮಾರುಕಟ್ಟೆ. ಚೌಕಿಯಲ್ಲಿ ಬಣ್ಣದ ವೇಷದ ಕಲಾವಿದರು ಕೈಗನ್ನಡಿ ಹಿಡಿದು ಗಂಟೆಗಟ್ಟಲೆ ಮುಖದ ಮೇಲೆ ಚುಟ್ಟಿ ಇಡುತ್ತಾರೆ. ಅಲ್ಲಿ ‘ಟಪ್’ ಎನ್ನಿಸುವುದು ಅಪಚಾರವೇ. ಮೌನದ ಕ್ಯಾಮೆರಾ ಇಲ್ಲಿ ಸೊಗಸು. ಆದರೆ ಆಟ ಆರಂಭವಾದ ಮೇಲೆ ಅದರ ಗುಣ ಬೇರೆ. ಸಂವೇದಕದ ಸಾಲುಗಳನ್ನು ಒಂದಾದ ಮೇಲೊಂದು ಓದುವ ಷಟರಿಗೆ ಧೀಂಗಿಣ ಹಾಕುವ ಮೈ ಸೊಟ್ಟಗೆ ಕಂಡೀತು, ಎಲ್‌ಇಡಿ ದೀಪದಡಿ ಅಡ್ಡಪಟ್ಟೆಗಳು ಮೂಡಿಯಾವು.

ಮಾರುಕಟ್ಟೆಯ ಮಾತು ಇನ್ನೂ ಬೇರೆ. ಸದ್ದಿಲ್ಲದೆ ಪಟ ತೆಗೆಯುವುದು ಹೊಸದೇನಲ್ಲ. ಹೆನ್ರಿ ಕಾರ್ಟಿಯೇ ಬ್ರೆಸಾನ್ ಬಳಸಿದ ಲೈಕಾದಲ್ಲೂ ಏಳುವ ಕನ್ನಡಿಯಿರಲಿಲ್ಲ, ಅದರ ಹೊಳೆಯುವ ಭಾಗಕ್ಕೆ ಆತ ಕಪ್ಪು ಪಟ್ಟಿ ಅಂಟಿಸುತ್ತಿದ್ದ. ಅರಿವಿಗೆ ಬಾರದ ಮುಖ ಸಹಜವಾಗಿರುತ್ತದೆಂಬುದು ನಿಜ. ಆದರೆ ಆ ಸಹಜತೆ ಯಾರ ಸೊತ್ತು? ಕನ್ನಡದಲ್ಲಿ ನಾವು ಪಟ ‘ತೆಗೆಯುತ್ತೇವೆ’, ಮಲಯಾಳದ ನೆರೆಯವರು ‘ಎಡುಕ್ಕುಗ’ ಎನ್ನುತ್ತಾರೆ. ಛಾಯಾಗ್ರಹಣದಲ್ಲಿಯೂ ಇರುವುದು ಹಿಡಿಯುವ ಅರ್ಥವೇ. ತೆಗೆದುಕೊಂಡದ್ದು ಕೊಡುವವರಿಗೆ ಗೊತ್ತಾಗಲೆಂದು ನಾನು ಬಳಸಿದ ಡಿಎಸ್‌ಎಲ್‌ಆರ್ ಒಂದನ್ನು ಕೊಂಡೆ. ಚೌಕಿಯಲ್ಲಿ ಮೊದಲೇ ಕೇಳಿ, ದೂರ ಕುಳಿತು, ಎರಡೇ ಪಟ.

ಮೊದಲ ವಾರ ಮಾರುಕಟ್ಟೆಯಲ್ಲಿ ಕನ್ನಡಿ ಸದ್ದು ಮಾಡಿತು. ಬೂತಾಯಿ ಬುಟ್ಟಿಯ ಹಿಂದಿದ್ದ ಅಮ್ಮ ತಟ್ಟನೆ ತಲೆಯೆತ್ತಿ, “ಎಂದಾ ಮೋನೇ?” ಎಂದರು. ಪರದೆ ತೋರಿಸಿದೆ. ದಿಟ್ಟಿಸಿ ನೋಡಿ, ಮೀನಿನದು ಇರಲಿ, ನನ್ನ ಮುಖದ್ದು ಬೇಡ ಎಂದರು. ಅವರೆದುರಿಗೇ ಅಳಿಸಿದೆ. ಆಮೇಲೆ ತೆಗೆದ ಬುಟ್ಟಿಯ ಪಟದಲ್ಲಿ ಅವರ ಎರಡು ಕೈಗಳಿವೆ.